ಲಾವಂಚದ ಡಬ್ಬ

ಡಬ್ಬದ ಮೇಲೆ ಲಾವಂಚ ಎಂದು ಬರೆದಿತ್ತು. ಡಬ್ಬದ ಒಳಗೆ ಲಾವಂಚ ಇರಲಿಲ್ಲ.

ಕಾಪಿ ಟೀಚರ್ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಮ್ಮೆ ಮೂಗನ್ನು ಹತ್ತಿರ ತಂದರು. ಲಾವಂಚದ ಬೇರಿನದು ಹೊಸ ಮಡಕೆಗೆ ನೀರು ತುಂಬಿದಾಗ ಬರುವಂಥ ತಂಪು ವಾಸನೆ. ಇದು ಹಾಗಿರಲಿಲ್ಲ. ಕಹಿ, ಕಮಟು, ಮೂಗಿನ ತುದಿಯಲ್ಲಿ ಸಣ್ಣಗೆ ಚುಚ್ಚುವ ಏನೋ ಒಂದು. ಬಣ್ಣ ಮಾತ್ರ ಅದೇ ಕಂದು.

"ಚಿಕ್ಕತ್ತೆ, ಡಬ್ಬಗಳನ್ನ ಯಾರೂ ಮುಟ್ಟಬಾರದು ಅಂತ ಇನ್ಸ್‌ಪೆಕ್ಟರ್ ಹೇಳಿ ಹೋಗಿದಾರೆ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕನ ಸೊಸೆ.

"ಮೂಸಬಾರದು ಅಂದಿದಾನಾ?"

"ಇಲ್ಲ."

"ಮತ್ತೇನು? ಬಾ, ನೀನೂ ಮೂಸು."

ಸೊಸೆ ಬರಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತುತ್ತ ಅಲ್ಲೇ ನಿಂತಳು. ಟೀಚರ್ ಅದನ್ನು ಗಮನಿಸಿದರು, ಗಮನಿಸದವರ ಹಾಗೆ ಡಬ್ಬವನ್ನು ಹಲಗೆಯ ಮೇಲಿಟ್ಟರು.

ಅಕ್ಕ ಮನೆಯಲ್ಲೇ ಕಲಸಿ ಊರಿಗೆ ಕೊಡುವ ಮುಖದ ಲೇಪ ಹಚ್ಚಿಕೊಂಡ ಹನ್ನೊಂದು ಜನರಲ್ಲಿ ಮೂವರ ಮುಖ ಸುಟ್ಟಿತ್ತು. ಆ ಮೂವರೂ, ಅಂದರೆ ಮನೆಮನೆಗೆ ಟಪಾಲು ಹಂಚುವವಳು, ರಸ್ತೆ ಕೂಡುವಲ್ಲಿ ನಿಂತು ಗಾಡಿಗಳನ್ನು ತಡೆದು ಬಿಡುವ ಪೊಲೀಸಿನವಳು, ತರಕಾರಿಯ ತಳ್ಳುಗಾಡಿಯವಳು, ಬಿಸಿಲಲ್ಲೇ ಹೊಟ್ಟೆ ಹೊರೆಯುವವರು ಎಂಬಲ್ಲಿಗೆ ಹೋದ ವಾರ ಟೀಚರ ತನಿಖೆ ಬಂದು ನಿಂತಿತ್ತು.

ನಿಂತಿದ್ದು ತನಿಖೆ ಮಾತ್ರ. ಗಡಿಯಾರ ನಿಂತಿರಲಿಲ್ಲ. ನಿನ್ನೆ ಸಂಜೆ ಅಕ್ಕ ತಾವಾಗಿಯೇ ಸ್ಟೇಷನ್ನಿಗೆ ಫೋನು ಮಾಡಿ, "ತಪ್ಪು ನನ್ನದೇಪ್ಪ, ಬಂದು ಬರ್ಕೋ," ಎಂದು ಹೇಳಿಬಿಟ್ಟಿದ್ದರು. ಇವತ್ತು ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರುತ್ತಾನೆ. ಅಕ್ಕ ಸಹಿ ಹಾಕುತ್ತಾರೆ. ಈ ಕೋಣೆಗೆ ಬೀಗ, ಬೀಗಕ್ಕೆ ಅರಗು. ಆಮೇಲೆ ಊರಿನ ಬಾಯಲ್ಲಿ ಅಕ್ಕ ಅಂದರೆ ಮುಖ ಸುಟ್ಟವಳು, ಅಷ್ಟೇ. ನಲವತ್ತು ವರ್ಷ ಎಷ್ಟು ಮುಖ ತಿಳಿಯಾಗಿಸಿದಳು ಎಂದು ಯಾರು ಎಣಿಸುತ್ತಾರೆ?

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಸಾಕು, ಎಂದುಕೊಂಡರು ಟೀಚರ್. ಮೂವತ್ತೆರಡು ವರ್ಷ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅರವತ್ತು ಕಾಪಿ ಪುಸ್ತಕ ತಿದ್ದಿದವರಿಗೆ ಆರು ಗಂಟೆ ಅಂದರೆ ಸಣ್ಣ ಹೊತ್ತಲ್ಲ.

ಕಾಪಿ ಟೀಚರ್ ಎಂಬ ಹೆಸರು ಬಂದದ್ದೇ ಹಾಗೆ. ಊರಿನ ಶಾಲೆಯಲ್ಲಿ ಮಕ್ಕಳ ಕೈಬರಹ ತಿದ್ದುತ್ತಿದ್ದವರು. ನಿವೃತ್ತಿಯಾದ ಮೇಲೆ ಜನ ಅವರ ಬಳಿಗೆ ಸಹಿಯಿಲ್ಲದ ಕಾಗದ, ಅನುಮಾನದ ಉಯಿಲು ಎಲ್ಲ ಹೊತ್ತು ತರತೊಡಗಿದರು. ಅಕ್ಷರ ನೋಡಿ ಆಳು ಹೇಳುತ್ತಾರೆ ಎಂದು ಹೆಸರಾಯಿತು. ಪೊಲೀಸಿನವರೂ ಎರಡು ಸಲ ಬಂದು ಕಾಫಿ ಕುಡಿದು ಕೇಳಿಕೊಂಡು ಹೋಗಿದ್ದುಂಟು.

ಅವರು ಡಬ್ಬದಿಂದ ಒಂದು ಚಿಟಿಕೆ ಪುಡಿ ತೆಗೆದು ಕಾಗದದಲ್ಲಿ ಮಡಚಿಕೊಂಡರು.

"ಚಿಕ್ಕತ್ತೆ, ಮುಟ್ಟಬಾರದು..."

"ನಾನು ಮುಟ್ಟಿಲ್ಲ ಕಣಮ್ಮ. ಚಮಚ ಮುಟ್ಟಿದ್ದು."

*

ಗ್ರಂಧಿಗೆ ಅಂಗಡಿ ಪೇಟೆಯ ಮೂಲೆಯಲ್ಲಿತ್ತು. ಬೇರು, ನಾರು, ತೊಗಟೆ, ಬೀಜ, ಒಣಗಿದ ಹೂವು, ಏನು ಕೇಳಿದರೂ ಯಜಮಾನ ಕುಳಿತಲ್ಲಿಂದಲೇ ಕೈ ಚಾಚಿ ಕೊಡುವಷ್ಟು ಇಕ್ಕಟ್ಟು. ಅವನು ಪೊಟ್ಟಣ ಬಿಚ್ಚಿ, ಚಿಟಿಕೆ ಪುಡಿಯನ್ನು ಅಂಗೈಗೆ ತಿಕ್ಕಿ, ಒಂದೇ ಸಲ ಮೂಸಿದ.

"ಬಾವಂಚಿ, ಟೀಚರ್."

"ಲಾವಂಚ ಅಲ್ವಾ?"

"ಎಲ್ಲಿಯ ಲಾವಂಚ? ಲಾವಂಚ ಬೇರು. ಇದು ಬೀಜ. ಬಿಳಿ ಮಚ್ಚೆ ಆದವರಿಗೆ ವೈದ್ಯರು ಕೊಡೋದು. ಹಚ್ಚಿ, ಲೆಕ್ಕ ಇಟ್ಟು ಸ್ವಲ್ಪ ಹೊತ್ತು ಬಿಸಿಲು ಕಾಯಿಸ್ತಾರೆ, ಬಿಳಿ ಹೋಗಿ ಬಣ್ಣ ಬರಲಿ ಅಂತ. ಗೊತ್ತಿರೋರ ಕೈಲಿ ಔಷಧಿ. ಗೊತ್ತಿಲ್ಲದೆ ಮುಖಕ್ಕೆ ಬಳ್ಕೊಂಡು ಬಿಸಿಲಿಗೆ ಹೋದ್ರೆ ಬೊಬ್ಬೆ ಏಳತ್ತೆ."

ಟೀಚರ್ ಒಂದು ಕ್ಷಣ ಕಣ್ಣು ಮುಚ್ಚಿದರು. ಮೂರು ಮುಖಗಳ ಒಗಟು ಬಿಚ್ಚಿಕೊಂಡಿತ್ತು. ನೆರಳಲ್ಲಿದ್ದ ಎಂಟು ಜನ ಯಾಕೆ ಉಳಿದರು ಎಂಬುದೂ.

"ನಮ್ಮ ಅಕ್ಕನಿಗೆ ಇದನ್ನ ಮಾರಿದ್ದು ನೀವೇನಾ?"

ಯಜಮಾನನ ಕೈ ತಕ್ಕಡಿಯ ಮೇಲೆಯೇ ನಿಂತಿತು. ಅವನು ಟೀಚರ ಹಳೆಯ ವಿದ್ಯಾರ್ಥಿ. ಈಗ ಮೊಮ್ಮಕ್ಕಳಿದ್ದರೂ ಆ ದನಿ ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಚೀಟೀಲಿ ಬರ್ದಿದ್ದನ್ನೇ ಕೊಟ್ಟಿದೀನಿ. ನಾನಾಗಿ ಕೊಟ್ಟಿಲ್ಲ. ಬೇಕಾದ್ರೆ ನೋಡಿ."

ಗಲ್ಲಾದ ಪಕ್ಕ ಒಂದು ಚೂಪು ಕಂಬಿ. ಅದಕ್ಕೆ ತಿಂಗಳುಗಟ್ಟಲೆ ಚೀಟಿಗಳನ್ನು ಚುಚ್ಚಿಟ್ಟಿದ್ದ. ಅರ್ಧ ರಾಶಿ ಎತ್ತಿ ಒಂದನ್ನು ಬಿಡಿಸಿ ಕೊಟ್ಟ. ಸೀಸದಕಡ್ಡಿಯಲ್ಲಿ ಬರೆದ ಅಕ್ಕನ ಅಕ್ಷರ. ಅಕ್ಕ ಪೆನ್ನು ಹಿಡಿಯುವುದೇ ಇಲ್ಲ. ಸದಾ ಎಣ್ಣೆಗೈ, ಜಾರುತ್ತದೆ ಎನ್ನುತ್ತಾರೆ.

ಕಸ್ತೂರಿ ಅರಿಶಿನ ಅರ್ಧ. ಮಂಜಿಷ್ಠ ಕಾಲು. ಒಣ ಗುಲಾಬಿ ಎಸಳು ಅರ್ಧ. ಬಾವಂಚ ಪುಡಿ ಅರ್ಧ.

"ಬಾವಂಚಿ ಅನ್ನೋದನ್ನ ನಮ್ಮ ವ್ಯಾಪಾರದಲ್ಲಿ ಬಾವಂಚ ಅಂತಲೇ ಬರೆಯೋದು," ಎಂದ ಯಜಮಾನ. "ಯಾರಿಗೋ ಮಚ್ಚೆಗೆ ಮಾಡಿಕೊಡ್ತಿರಬೇಕು ಅಂದ್ಕೊಂಡೆ. ನಲವತ್ತು ವರ್ಷದಿಂದ ಮಾಡೋರಿಗೆ ನಾನು ಬುದ್ಧಿ ಹೇಳೋಕಾಗತ್ತಾ? ಮೂಗಿಗಿಂತ ಮೂಗುತಿ ಭಾರ ಅಂತಾರೆ."

ಟೀಚರ್ ಚೀಲದಿಂದ ಭೂತಗನ್ನಡಿ ತೆಗೆದು, ಅಂಗಡಿಯ ಮೆಟ್ಟಿಲ ಮೇಲೆ ಬೆಳಕಿಗೆ ಕುಳಿತರು. ಗಿರಾಕಿಗಳು ಅವರನ್ನು ಸುತ್ತಿಕೊಂಡು ಹೋಗಬೇಕಾಯಿತು.

ಅವಸರದ ಬರಹದಲ್ಲಿ ಲ ಮತ್ತು ಬ ಅವಳಿ ಮಕ್ಕಳು. ಅಕ್ಕ ಲಾವಂಚ ಎಂದು ಬರೆದು, ಅಂಗಡಿಯವನು ಬಾವಂಚ ಎಂದು ಓದಿದ ಎಂದರೆ ನಂಬಬಹುದಿತ್ತು. ಆದರೆ ಇದು ಅವಸರವಲ್ಲ. ಲ ದ ಹೊಟ್ಟೆಯೊಳಗಿನ ಸುಳಿ ಇದ್ದ ಜಾಗದಲ್ಲಿ ಕಾಗದ ಸಣ್ಣಗೆ ಜುಂಗು ಎದ್ದಿತ್ತು. ಯಾರೋ ರಬ್ಬರು ತಿಕ್ಕಿದ್ದರು. ತಿಕ್ಕಿ, ಮೇಲೆ ಅಡ್ಡಗೆರೆ ಎಳೆದು ಬ ಮಾಡಿದ್ದರು.

ಇನ್ನೊಂದು ಇತ್ತು. ಚೀಟಿಯ ಬಲಗಡೆ ಅಕ್ಕನ ಹೆಬ್ಬೆಟ್ಟಿನ ಎಣ್ಣೆ ಕಲೆ. ಕಲೆಯ ಕೆಳಗೆ ಬಿದ್ದ ಅಕ್ಷರಗಳೆಲ್ಲ ಕಪ್ಪಗೆ, ಪೂರ್ತಿಯಾಗಿ ಇದ್ದವು. 'ಪುಡಿ' ಎಂಬ ಎರಡಕ್ಷರ ಮಾತ್ರ ತುಂಡು ತುಂಡಾಗಿತ್ತು. ಎಣ್ಣೆಯ ಮೇಲೆ ಸೀಸ ಹಿಡಿಯುವುದಿಲ್ಲ. ಅಂದರೆ ಅಕ್ಕ ಬರೆದು, ಹೆಬ್ಬೆಟ್ಟು ಒತ್ತಿ, ಚೀಟಿ ಕೈಬಿಟ್ಟ ಮೇಲೆ 'ಪುಡಿ' ಸೇರಿದೆ.

ಸೇರಿಸಿದವರು ದಡ್ಡರಲ್ಲ. ಅಕ್ಕ ಯಾವತ್ತೂ ಲಾವಂಚವನ್ನು ಬೇರಾಗಿಯೇ ತರಿಸಿ, ನೆರಳಲ್ಲಿ ಒಣಗಿಸಿ, ತಾವೇ ಕುಟ್ಟಿ, ತೆಳು ಬಟ್ಟೆಯಲ್ಲಿ ಮೂರು ಸಲ ಜರಡಿ ಹಿಡಿಯುವವರು. ಬೀಜ ಬೀಜವಾಗಿಯೇ ಬಂದಿದ್ದರೆ ಕುರುಡರಿಗೂ ಗೊತ್ತಾಗುತ್ತಿತ್ತು. ಪುಡಿಯಾದ ಮೇಲೆ ಬೇರೂ ಒಂದೇ, ಬೀಜವೂ ಒಂದೇ. ಆಗ ಉಳಿಯುವ ಗುರುತು ವಾಸನೆ ಮಾತ್ರ.

ಟೀಚರ್ ಭೂತಗನ್ನಡಿಯನ್ನು ಪು ಅಕ್ಷರದ ಮೇಲೆ ತಂದು ನಿಲ್ಲಿಸಿದರು. ಕೊಂಬು ವಿಚಿತ್ರವಾಗಿತ್ತು. ಎಲ್ಲರೂ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಇವರು ಕೈಯೆತ್ತಿ, ಮೇಲಿನಿಂದ ಕೆಳಕ್ಕೆ ಇಳಿಸಿ, ಕೊನೆಯಲ್ಲಿ ಒಂದು ಚುಕ್ಕೆ ಒತ್ತಿದ್ದರು. ಕಡ್ಡಿಯ ಮೊನೆ ಕಾಗದವನ್ನು ಚುಚ್ಚಿತ್ತು.

ಈ ಕೊಂಬು ಅವರಿಗೆ ಗೊತ್ತು. ಯಾವುದೋ ಒಂದು ಪುಸ್ತಕದಲ್ಲಿ ವರ್ಷಪೂರ್ತಿ ಇದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದು ನೆನಪಿದೆ. "ಕೊಂಬು ಬೆಳೆಯೋದು ಮೇಲಕ್ಕೆ, ಇಳಿಯೋದಿಲ್ಲ," ಎಂದು ನೂರು ಸಲ ಹೇಳಿದ್ದು ಕಿವಿಯಲ್ಲಿದೆ. ಮುಖ ಮಾತ್ರ ಬರಲೊಲ್ಲದು. ಮೂರು ಸಾವಿರ ಮಕ್ಕಳು. ಈ ಊರಲ್ಲಿ ಬರೆಯಲು ಬರುವ ಅರ್ಧಕ್ಕರ್ಧ ಜನ ಅವರ ಕೆಂಪು ಶಾಯಿ ಕುಡಿದೇ ಬೆಳೆದವರು. ಈ ಯಜಮಾನ, ಅಕ್ಕನ ಸೊಸೆ, ಟಪಾಲಿನವಳು, ಇನ್ಸ್‌ಪೆಕ್ಟರ್, ಬ್ಯಾಂಕಿನ ಮ್ಯಾನೇಜರ್, ಯಾರೂ ಹೊರತಲ್ಲ.

"ಚೀಟಿ ತಂದು ಕೊಟ್ಟೋರು ಯಾರು?"

"ಕೈಗೆ ಯಾರೂ ಕೊಡಲಿಲ್ಲ. ಹೊರಗಡೆ ಡಬ್ಬ ನೇತಾಕಿದೀನಲ್ಲ, ಸಂಜೆ ಅದರಲ್ಲಿ ಹಾಕಿ ಹೋಗ್ತಾರೆ, ಬೆಳಿಗ್ಗೆ ಕಟ್ಟಿಡ್ತೀನಿ. ಮಾರನೇ ದಿನ ನಿಮ್ಮ ಅಕ್ಕ ಬಂದು ತಗೊಂಡು ಹೋದ್ರು. ಪೊಟ್ಟಣದ ಮೇಲೆ ದೊಡ್ಡದಾಗೇ ಬರ್ದಿದ್ದೆ."

"ಒಂದು ರಸೀದಿ ಬರ್ದು ಕೊಡಿ. ಬಾವಂಚ ಪುಡಿ ಅಂತ."

ಅವನು ಬರೆದ. ಕೊಂಬು ಕೆಳಗಿನಿಂದ ಮೇಲಕ್ಕೆ, ಸರಿಯಾಗಿ ಎದ್ದಿತ್ತು.

"ನಿಮ್ಮ ಡಿ ಇವತ್ತಿಗೂ ಕುಂಟತ್ತೆ," ಎಂದರು ಟೀಚರ್. ಯಜಮಾನ ತಲೆ ತಗ್ಗಿಸಿದ.

*

ಮನೆಗೆ ಬಂದವರೇ ಸೊಸೆಯ ಮುಂದೆ ಖಾಲಿ ಲೇಬಲ್ ಇಟ್ಟರು.

"ಅರಿಶಿನದ ಪುಡಿ ಅಂತ ಬರಿ."

ಸೊಸೆ ಬರೆದಳು. ಮುತ್ತು ಪೋಣಿಸಿದ ಹಾಗೆ ಅಕ್ಷರ. ಕೊಂಬು ಮೇಲಕ್ಕೇ ಹೋಯಿತು. ಟೀಚರಿಗೆ ಎದೆ ಹಗುರಾಯಿತು. ಸೊಸೆ ಇದರಲ್ಲಿ ಇರಬಾರದು ಎಂದು ತಾವು ಎಷ್ಟು ಬಯಸಿದ್ದರು ಎಂಬುದು ಆಗಲೇ ಅವರಿಗೆ ತಿಳಿದದ್ದು.

"ಈಗ ಅಡುಗೆಮನೆಗೆ ಹೋಗಿ ಒಂದು ಗಡ್ಡೆ ಬೆಳ್ಳುಳ್ಳಿ ಜಜ್ಜಿ ತಾ. ಮೂರು ಬಟ್ಟಲಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ."

ಸೊಸೆಯ ಮುಖ ಬಿಳುಚಿಕೊಂಡಿತು. ಅವಳು ಒಳಗೆ ಹೋದಳು.

ಹಿಂದಿನ ಕೋಣೆಯಲ್ಲಿ ಅಕ್ಕ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದರು. ಗೋಡೆಯುದ್ದಕ್ಕೂ ಡಬ್ಬಗಳ ಸಾಲು, ಮೊಳೆಗೆ ತೂಗಿದ ನಾಲ್ಕು ಜರಡಿ, ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ಇನ್ನೂ ಪೂರ್ತಿ ಒಣಗದ ಕಿತ್ತಳೆ ಸಿಪ್ಪೆ. ನಾಲ್ಕು ಗಂಟೆಗೆ ಬೀಗ ಬೀಳುವ ಕೋಣೆಯಲ್ಲಿ ಅವರು ಸಿಪ್ಪೆಯನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದರು.

"ಅಕ್ಕ, ಕಣ್ಣು ಮುಚ್ಚು."

"ಕಣ್ಣಾಮುಚ್ಚಾಲೆ ಆಡೋ ವಯಸ್ಸೇನೇ ಇದು?"

"ಮುಚ್ಚು ಅಂದ್ರೆ ಮುಚ್ಚು. ಮೂರು ಬಟ್ಟಲು ತಂದಿದೀನಿ. ಯಾವುದರಲ್ಲಿ ಏನಿದೆ, ಮೂಸಿ ಹೇಳು. ಚಿಕ್ಕಂದಿನಲ್ಲಿ ನನ್ನ ತಲೆ ಮೂಸಿ, ಯಾರ ಮನೇಲಿ ಆಡಿ ಬಂದೆ ಅಂತ ಹೇಳ್ತಿದ್ದವಳು ನೀನು."

ಅಕ್ಕ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕಣ್ಣು ಮುಚ್ಚಿದರು.

ಟೀಚರ್ ಮೊದಲ ಬಟ್ಟಲು ಹಿಡಿದರು. ಅಕ್ಕ ಉಸಿರೆಳೆದುಕೊಂಡು, ಸ್ವಲ್ಪ ಯೋಚಿಸಿ, "ಗುಲಾಬಿ," ಎಂದರು.

ಎರಡನೆಯದು. "ಲಾವಂಚ. ನೆನೆಸಿದೀಯ ಅಲ್ವಾ?"

ಮೂರನೆಯದು. ಈ ಸಲ ಅಕ್ಕ ಗಟ್ಟಿಯಾಗಿ, ತುಂಬ ಗಟ್ಟಿಯಾಗಿ ಹೇಳಿದರು. "ಅರಿಶಿನ. ಇಷ್ಟು ಸುಲಭದ್ದು ಯಾಕೆ ಕೇಳ್ತೀಯ?"

ಬಾಗಿಲಲ್ಲಿ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಳ್ಳುಳ್ಳಿಯ ಘಾಟಿಗೆ ಟೀಚರ ಕಣ್ಣಲ್ಲೇ ನೀರು ಬರುತ್ತಿತ್ತು. ಘಾಟಿಗೋ, ಇನ್ನು ಯಾತಕ್ಕೋ.

"ಮೂರರಲ್ಲೂ ಬೆಳ್ಳುಳ್ಳಿ ಇದೆ ಅಕ್ಕ."

ಅಕ್ಕ ಕಣ್ಣು ತೆರೆದರು. ಬಟ್ಟಲು ನೋಡಿದರು. ಒಂದು ಎಸಳನ್ನು ಬೆರಳಲ್ಲಿ ಎತ್ತಿ, ಮೂಗಿಗೆ ಒತ್ತಿಕೊಂಡು, ಮಗು ಸಿಂಬಳ ಒರೆಸಿಕೊಂಡಂತೆ ಮೂಗು ಒರೆಸಿಕೊಂಡು ಅದನ್ನು ಕೆಳಗಿಟ್ಟರು.

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು," ಎಂದರು ಅಕ್ಕ. "ಆ ಜ್ವರ ಬಂತಲ್ಲ. ಜ್ವರ ಬಿಡ್ತು, ಮೂಗು ಬರಲಿಲ್ಲ. ನಾಳೆ ಬರತ್ತೆ, ನಾಡಿದ್ದು ಬರತ್ತೆ ಅಂತ ಕಾದೆ. ಬೆಳಿಗ್ಗೆ ಎದ್ದ ತಕ್ಷಣ ಒಂದೊಂದೇ ಡಬ್ಬ ತೆಗೆದು ಮೂಸ್ತಿದ್ದೆ. ಏನೂ ಇಲ್ಲ ಕಣೇ. ಗೋಡೆ ಮೂಸಿದ ಹಾಗೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸು ಅಂತಿದ್ದೆ. ನಾನು ಯಾವತ್ತು ತಕ್ಕಡಿ ಇಟ್ಟು ಮಾಡಿದೀನಿ ಹೇಳು? ಮೂಗೇ ತಕ್ಕಡಿ. ಮೂಗು ಹೋಯ್ತು ಅಂದ್ರೆ ನಾನು ಹೋದೆ ಅಂತಲೇ ಅಲ್ವಾ? ನಲವತ್ತು ವರ್ಷದ ಕೈ, ಅಳತೆ ಅದಕ್ಕೇ ಗೊತ್ತು ಅಂತ ಧೈರ್ಯ ಮಾಡಿದೆ."

ಟೀಚರಿಗೆ ಕೋಪ ಬಂತು, ಅದಕ್ಕಿಂತ ಜಾಸ್ತಿ ದುಃಖ ಬಂತು. ಎರಡನ್ನೂ ನುಂಗಿಕೊಂಡರು. ಅಳಲು ನಾಳೆ ಇದೆ. ಇವತ್ತು ಎರಡೂವರೆ ಆಗಿತ್ತು.

"ಆ ಪುಡಿ ಬಂದಾಗ ಅನುಮಾನ ಬರಲಿಲ್ವಾ? ನೀನು ಬೇರು ತಾನೆ ತರಿಸೋದು?"

"ನನ್ನ ಮಣಿಕಟ್ಟು ನೋವು ಅಂತ ಊರಿಗೆಲ್ಲ ಗೊತ್ತು. ಪಾಪ, ಕುಟ್ಟೋ ಕಷ್ಟ ಬೇಡ ಅಂತ ಅವನೇ ಪುಡಿ ಮಾಡಿ ಕೊಟ್ಟಿದಾನೆ ಅಂದ್ಕೊಂಡೆ. ಪೊಟ್ಟಣದ ಮೇಲೂ ಲಾವಂಚ ಅಂತಲೇ ಓದಿದೆ. ಕಣ್ಣು ತನಗೆ ಬೇಕಾದ್ದನ್ನೇ ಓದತ್ತೆ. ಡಬ್ಬಕ್ಕೆ ಸುರಿದೆ. ಲೇಪ ಕಲಸಿದ ಮೇಲೆ ಯಾವಾಗಿನ ಹಾಗೆ ನನ್ನ ಕೈಗೇ ಹಚ್ಚಿ ನೋಡಿದೆ, ಇಲ್ಲಿ," ಎಂದು ಅಕ್ಕ ಉದ್ದ ತೋಳಿನ ಕುಪ್ಪಸವನ್ನು ಸರಿಸಿ ಮೊಣಕೈಯ ಒಳಭಾಗ ತೋರಿಸಿದರು. "ಒಂದು ದಿನ ಇಡೀ ಬಿಟ್ಟೆ. ಏನೂ ಆಗಲಿಲ್ಲ."

ಏನೂ ಆಗುವಂತಿರಲಿಲ್ಲ. ಆ ತೋಳು ಬಿಸಿಲು ಕಂಡು ವರ್ಷಗಳೇ ಆಗಿದ್ದವು.

"ಅತ್ತೆ," ಎಂದಳು ಸೊಸೆ. "ನನಗೆ ಮೊದಲೇ ಗೊತ್ತಿತ್ತು."

ಇಬ್ಬರೂ ತಿರುಗಿ ನೋಡಿದರು.

"ಒಲೆ ಮೇಲೆ ಹಾಲು ಸೀದು ಕಪ್ಪಾಗಿದ್ರೂ ನೀವು ಪಕ್ಕದಲ್ಲೇ ಕೂತು ಸಿಪ್ಪೆ ಬಿಡಿಸ್ತಿದ್ರಿ. ಅವತ್ತೇ ಗೊತ್ತಾಯ್ತು. ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಸುಮ್ನಿದ್ದೆ. ನೀವು ಮಲಗಿದ ಮೇಲೆ ದಿನಾ ಮಧ್ಯಾಹ್ನ ನಾನೇ ಎಲ್ಲ ಡಬ್ಬ ಮೂಸಿ ನೋಡ್ತಿದ್ದೆ. ಎರಡು ಸಲ ಹುಳಿ ಬಂದ ಎಣ್ಣೆ ಚೆಲ್ಲಿ, ಹೊಸದು ಇಟ್ಟಿದೀನಿ."

ಅಕ್ಕ ಸೊಸೆಯನ್ನು ಬಹಳ ಹೊತ್ತು ನೋಡಿದರು. "ಅದಕ್ಕೇನೇ ಎಣ್ಣೆ ಬೇಗ ಖರ್ಚಾಗ್ತಿತ್ತು," ಎಂದರು.

ಸೊಸೆ ಅಳುತ್ತಲೇ ನಕ್ಕುಬಿಟ್ಟಳು.

"ಹಾಗಾದ್ರೆ ಈ ಪುಡಿ ನಿನ್ನ ಮೂಗಿಗೆ ಯಾಕೆ ಸಿಗಲಿಲ್ಲ?" ಎಂದರು ಟೀಚರ್.

"ನಾನು ಇರಲಿಲ್ಲ ಚಿಕ್ಕತ್ತೆ. ಯಾರೋ ಫೋನ್ ಮಾಡಿದ್ರು, ನಿಮ್ಮಮ್ಮ ಜಾರಿ ಬಿದ್ದಿದಾರೆ, ತಕ್ಷಣ ಬನ್ನಿ ಅಂತ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಹೋದ್ರೆ ಅಮ್ಮ ಕುರ್ಚಿ ಮೇಲೆ ಹತ್ತಿ ಜೇಡರ ಬಲೆ ಹೊಡೀತಿದ್ರು. ಬಂದದ್ದೇ ಬಂದೆ, ಇದ್ದು ಹೋಗು ಅಂತ ನಾಲ್ಕು ದಿನ ಬಿಡಲಿಲ್ಲ. ವಾಪಸ್ ಬರೋಷ್ಟರಲ್ಲಿ ಲೇಪ ಎಲ್ಲ ಹಂಚಿ ಆಗಿತ್ತು. ಮೊನ್ನೆ ಆ ಡಬ್ಬ ಮೂಸಿದೆ. ಭಯ ಆಯ್ತು. ಹೇಳಿದ್ರೆ ಅತ್ತೆ ಮೂಗಿನ ವಿಷಯ ಬಯಲಾಗತ್ತೆ ಅಂತ ಬಾಯಿ ಬಿಡಲಿಲ್ಲ."

ಟೀಚರ್ ಮಣೆ ಎಳೆದುಕೊಂಡು ಅಕ್ಕನ ಎದುರಿಗೇ ಕುಳಿತರು. ಮಾಡಿದವರಿಗೆ ಎರಡು ಸಂಗತಿ ಗೊತ್ತಿತ್ತು: ಅಕ್ಕನಿಗೆ ವಾಸನೆ ಬರುವುದಿಲ್ಲ, ಸೊಸೆ ಇದ್ದರೆ ಕೆಲಸ ಕೆಡುತ್ತದೆ. ಮೊದಲು ಸೊಸೆಯನ್ನು ಸಾಗಹಾಕಿದ್ದಾರೆ. ಆಮೇಲೆ ಚೀಟಿ ತಿದ್ದಿದ್ದಾರೆ.

"ಅಕ್ಕ, ಮೂಗಿನ ವಿಷಯ ನೀನು ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ." ಅಕ್ಕ ತಡೆದರು. "ಒಬ್ಬರಿಗೆ ಹೇಳಿದೀನಿ."

"ಯಾರಿಗೆ?"

"ಅವರನ್ನ ಇದಕ್ಕೆ ಎಳೀಬೇಡ. ಒಳ್ಳೆಯವರು. ಕೇಳಿದ್ರು, ಮನಸ್ಸು ತುಂಬಿತ್ತು, ಬಾಯಿಗೆ ಬಂತು. ಯಾರಿಗೂ ಹೇಳಲ್ಲ ಅಂತ ಕೈ ಮೇಲೆ ಕೈ ಇಟ್ಟು ಹೇಳಿದ್ರು."

"ಆ ಚೀಟಿ ಅಂಗಡಿ ಡಬ್ಬಕ್ಕೆ ಹಾಕಿದ್ದು ಯಾರು? ಸೊಸೆ ಇರಲಿಲ್ಲ. ನೀನು ಆಚೆ ಹೋಗೋದು ಬೆಳಿಗ್ಗೆ ಮಾತ್ರ."

ಅಕ್ಕ ಕಿತ್ತಳೆ ಸಿಪ್ಪೆಯನ್ನು ಮಗುಚಿದರು. ಅದು ಆಗಲೇ ಮಗುಚಿದ ಸಿಪ್ಪೆ.

"ಅವರೇನಾ?"

"ಹೋಗೋ ದಾರಿ, ನಾನೇ ಹಾಕ್ತೀನಿ ಅಂದ್ರು. ಉಪಕಾರ ಮಾಡಿದವರ ಹೆಸರನ್ನ ಕೆಸರಲ್ಲಿ ಹೊರಳಿಸೋಕೆ ನನ್ನಿಂದ ಆಗಲ್ಲ. ಹೆಂಗಸರ ಮುಖ ಸುಟ್ಟಿದ್ದು ನನ್ನ ಲೇಪ. ಮೂಗಿಲ್ಲದೆ ಮಾಡಿದ್ದು ನಾನು. ನಾನು ಸಹಿ ಹಾಕ್ತೀನಿ."

"ಹಾಕಲ್ಲ."

"ನೀನು ಯಾರೇ ಬೇಡ ಅನ್ನೋಕೆ?"

"ನಿನ್ನ ತಂಗಿ," ಎಂದರು ಟೀಚರ್. "ಮೂಗಿನ ವಿಷಯ ಮುಚ್ಚಿಟ್ಟಿದ್ದು ನಿನ್ನ ತಪ್ಪು. ಅದನ್ನ ಒಪ್ಕೋ, ಆ ಮೂರು ಜನರ ಮನೆಗೆ ನಾವಿಬ್ರೂ ಹೋಗಿ ಕ್ಷಮೆ ಕೇಳೋಣ. ಆದ್ರೆ ಬೇರೆಯವರು ಮಾಡಿದ್ದಕ್ಕೆ ನೀನು ಸಹಿ ಹಾಕೋದು ನಾನು ಬದುಕಿರೋವರೆಗೂ ನಡೆಯಲ್ಲ. ಚೀಟಿ ನನ್ನ ಹತ್ರ ಇದೆ. ಆ ಕೊಂಬು ಯಾರದ್ದು ಅಂತ ಇವತ್ತಲ್ಲ ನಾಳೆ ನೆನಪಾಗೇ ಆಗತ್ತೆ."

ಸೊಸೆ ಎದ್ದು ಬೆಳ್ಳುಳ್ಳಿ ಬಟ್ಟಲುಗಳನ್ನು ಒಳಗೆ ಒಯ್ದಳು.

*

ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಜೀಪು ಬಂತು.

ಇನ್ಸ್‌ಪೆಕ್ಟರ್ ಟೋಪಿ ತೆಗೆದು, ಬಾಗಿಲಲ್ಲೇ ಬೂಟು ಬಿಚ್ಚಿ, ಬರಿಗಾಲಲ್ಲಿ ಒಳಗೆ ಬಂದ. ಒರೆಸಿದ ನೆಲ ಕೊಳೆ ಮಾಡಬಾರದು ಎನ್ನುವಷ್ಟು ಸಭ್ಯ. ಹಿಂದೆ ಒಬ್ಬ ಪೇದೆ, ಕೈಯಲ್ಲಿ ಅರಗು, ದಾರ, ಮೇಣದಬತ್ತಿ.

"ಬಾಪ್ಪ, ಕೂತ್ಕೋ," ಎಂದರು ಅಕ್ಕ. "ಅಮ್ಮನ ಮಂಡಿನೋವು ಹೇಗಿದೆ?"

"ಪರವಾಗಿಲ್ಲಮ್ಮ." ಅವನು ಟೀಚರ ಕಡೆ ತಿರುಗಿದ. "ಟೀಚರ್, ನನಗೂ ಇದು ಇಷ್ಟ ಇಲ್ಲ. ಆದ್ರೆ ಮೂರು ಕಂಪ್ಲೇಂಟ್ ಇದೆ. ಲ್ಯಾಬಿನಿಂದ ರಿಪೋರ್ಟ್ ಬರೋಕೆ ಇನ್ನೂ ಎರಡು ವಾರ. ಅಲ್ಲಿವರೆಗೆ ಕೈ ಕಟ್ಟಿ ಕೂರೋಕಾಗಲ್ಲ."

"ಕೂರೋದು ಬೇಡ," ಎಂದರು ಟೀಚರ್. ಮಧ್ಯಾಹ್ನದಿಂದ ಈ ಗಳಿಗೆಗೇ ಕಾದಿದ್ದರು. ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ರಬ್ಬರು ತಿಕ್ಕಿದ ಜಾಗ, ಮೇಲಿನ ಅಡ್ಡಗೆರೆ, ಎಣ್ಣೆಯ ಮೇಲೆ ತುಂಡಾದ ಅಕ್ಷರ, ಎಲ್ಲವನ್ನೂ ಭೂತಗನ್ನಡಿಯಲ್ಲಿ ತೋರಿಸಿದರು. "ಇದು ಕೈತಪ್ಪಲ್ಲ. ಯಾರೋ ಬೇಕಂತ ಮಾಡಿದಾರೆ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ನೀವು ಪೊಲೀಸ್ ಆಗಬೇಕಿತ್ತು ಟೀಚರ್," ಎಂದ. ಚೀಟಿಯನ್ನು ಜೋಪಾನವಾಗಿ ಮಡಚಿ ಅಂಗಿಯ ಎಡ ಜೇಬಿಗೆ ಹಾಕಿಕೊಂಡ. "ಇದನ್ನ ಇವತ್ತೇ ತಜ್ಞರಿಗೆ ಕಳಿಸ್ತೀನಿ. ಬೇರೆ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ. ನಿನಗೇ ಮೊದಲು."

"ಒಳ್ಳೇದಾಯ್ತು. ಹಾಗಿದ್ರೂ ಅಮ್ಮನ ಹೇಳಿಕೆ ಒಂದು ಬೇಕು. ಆದದ್ದು ಆದ ಹಾಗೇ ಬರ್ಕೋತೀನಿ, ಅಷ್ಟೇ. ರೈಟರ್ ರಜ ಹಾಕಿದಾನೆ. ಸ್ಟೇಷನ್ನಲ್ಲಾದ್ರೆ ಕಂಪ್ಯೂಟರ್ ಇದೆ, ಇಲ್ಲಿ ಕೈಲೇ ಬರೀಬೇಕು. ನಗಬೇಡಿ ಟೀಚರ್, ಬರ್ದು ಎಷ್ಟೋ ವರ್ಷ ಆಯ್ತು."

ಅಕ್ಕ ಹೇಳತೊಡಗಿದರು. ಜ್ವರ, ಮೂಗು, ಎಂಟು ತಿಂಗಳು. ಅವನು ತಲೆಯಾಡಿಸುತ್ತ ಬರೆದ. ಎಲ್ಲೂ ಪೆನ್ನು ನಿಲ್ಲಿಸಿ, ಹೌದಾ, ವಾಸನೆಯೇ ಬರಲ್ವಾ, ಎಂದು ಕೇಳಲಿಲ್ಲ. ಯಾರಾದರೂ ಕೇಳುತ್ತಿದ್ದರು, ಎಂದು ಟೀಚರಿಗೆ ಅನ್ನಿಸಿತು. ಅನ್ನಿಸಿದ್ದು ಏನೆಂದು ಹಿಡಿಯುವ ಮೊದಲೇ ಅಕ್ಕನ ಮಾತು ಮುಂದೆ ಹೋಗಿತ್ತು.

"...ಚೀಟಿ ಬರೆದ ದಿನ ನಿನಗೂ ನೆನಪಿರಬೇಕಲ್ಲಪ್ಪ. ನಿಮ್ಮಮ್ಮನಿಗೆ ಎಣ್ಣೆ ಬೇಕು ಅಂತ ನೀನು ಸಂಜೆ ಬಂದಿದ್ದೆ. ಮಾರನೇ ದಿನ ನಾನೇ ಹೋಗಿ ಪೊಟ್ಟಣ ತಂದೆ. ಅದು ಬಾವಂಚದ ಪುಡಿ ಅಂತ ನನಗೆ ಗೊತ್ತಾಗಲಿಲ್ಲ."

ಹೋಗೋ ದಾರಿ ಎಂದು ಚೀಟಿ ಒಯ್ದದ್ದು ಯಾರೆಂದು ಟೀಚರಿಗೆ ಆಗ ಹೊಳೆಯಿತು. ಅವರು ಅಕ್ಕನ ಮುಖ ನೋಡಲಿಲ್ಲ. ಇನ್ಸ್‌ಪೆಕ್ಟರನ ಮುಖವನ್ನೂ ನೋಡಲಿಲ್ಲ. ಮೂವತ್ತೆರಡು ವರ್ಷ ಮಾಡಿದ್ದನ್ನೇ ಮಾಡಿದರು. ಬರೆಯುವ ಕೈ ನೋಡಿದರು.

ಪೆನ್ನು 'ಬಾವಂಚದ' ಎಂದು ಬರೆಯಿತು. ಪ ಬರೆಯಿತು. ಆಮೇಲೆ ಕಾಗದದಿಂದ ಮೇಲೆದ್ದಿತು. ಮೇಲಿನಿಂದ ಕೆಳಕ್ಕೆ ಇಳಿದು, ಕೊನೆಯಲ್ಲಿ ಒಂದು ಚುಕ್ಕೆ ಒತ್ತಿತು.

ಮೂರನೇ ಬೆಂಚು, ಕಿಟಕಿಯ ಪಕ್ಕ. ಎಣ್ಣೆ ಹಚ್ಚಿ ಬಾಚಿದ ತಲೆ, ಬೈದರೆ ಅಳದ ಹುಡುಗ. ವರ್ಷಪೂರ್ತಿ ಕೆಂಪು ಶಾಯಿ ಖರ್ಚು ಮಾಡಿದರೂ ತಿದ್ದಲಾಗದ ಒಂದೇ ಒಂದು ಕೊಂಬು.

"ಇಲ್ಲಿ ಸಹಿ ಹಾಕಿ ಅಮ್ಮ," ಎಂದು ಅವನು ಕಾಗದವನ್ನು ಅಕ್ಕನ ಕಡೆ ತಿರುಗಿಸಿದ.

ಅಕ್ಕ ಪೆನ್ನು ತೆಗೆದುಕೊಂಡರು. ಟೀಚರ್ ಕೈ ಚಾಚಿ, ಸಹಿ ಬೀಳಬೇಕಾದ ಜಾಗದ ಮೇಲೆ ಅಂಗೈಯನ್ನು ಒತ್ತಿ ಹಿಡಿದರು.

ಪೇದೆ ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಿದ. ಇನ್ಸ್‌ಪೆಕ್ಟರ್ ತಲೆಯೆತ್ತಿದ. ಟೀಚರ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದ. ತಾನು ಬರೆದ ಸಾಲನ್ನು ನೋಡಿದ. ಹಳೆಯ ಹುಡುಗನ ಹಾಗೆ ಮೆಲ್ಲಗೆ ನಕ್ಕ.

"ಯಾಕೆ ಟೀಚರ್, ಕಾಗುಣಿತ ತಪ್ಪಾಯ್ತಾ?"

"ಕಾಗುಣಿತ ಸರಿಯಾಗೇ ಇದೆ," ಎಂದರು ಟೀಚರ್.

ಅವನು ಎಡಗೈಯಿಂದ ಅಂಗಿಯ ಜೇಬಿನ ಗುಂಡಿ ಹಾಕಿಕೊಂಡ. ಚೀಟಿ ಅದರೊಳಗಿತ್ತು.